ಆರಡಿ ರೀಫ್ ಟ್ಯಾಂಕಿಗೆ ಫಿಲ್ಟರ್ ವ್ಯವಸ್ಥೆ: ಪೈಪು ಮೊದಲು, ಯಂತ್ರ ಆಮೇಲೆ

ಹವಳ ಸಾಕುವ ದೊಡ್ಡ ಉಪ್ಪುನೀರಿನ ಟ್ಯಾಂಕ್ (ರೀಫ್ ಟ್ಯಾಂಕ್) ಮಾಡಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು "ಯಾವ ಫಿಲ್ಟರ್ ತಗೊಳ್ಳಲಿ?" ಎಂದು. ಸಿಗುವ ಉತ್ತರ ಸಾಮಾನ್ಯವಾಗಿ ಆ ದಿನ ಶೆಲ್ಫಿನ ಮೇಲಿದ್ದ ಡಬ್ಬಿ. ಸ್ಕಿಮ್ಮರ್ (ಕೊಳೆಯನ್ನು ನೊರೆಯಾಗಿ ತೆಗೆಯುವ ಯಂತ್ರ) ಸರಿಹೋಗದಿದ್ದರೆ ಮಾರಿ ಇನ್ನೊಂದು ತರಬಹುದು, ಪಂಪ್ ಸುಟ್ಟರೆ ಬದಲಾಯಿಸಬಹುದು. ಆದರೆ ನೀರು ತುಂಬಿದ ಗಾಜಿಗೆ ಮತ್ತೆ ತೂತು ಕೊರೆಯಲಾಗದು. ಆದ್ದರಿಂದ ಯೋಚನೆಯೂ ದುಡ್ಡೂ ಮೊದಲು ಹೋಗಬೇಕಾದದ್ದು ಆಮೇಲೆ ಬದಲಾಯಿಸಲಾಗದ ಭಾಗಗಳಿಗೆ: ನೀರು ಇಳಿಯುವ ದಾರಿ, ಸಂಪಿನ (ಟ್ಯಾಂಕಿನ ಕೆಳಗೆ ಕೂರುವ ಫಿಲ್ಟರ್ ತೊಟ್ಟಿಯ) ಅಳತೆ, ಬಂಡೆಯ ಜೋಡಣೆ.

ಉದಾಹರಣೆಗೆ 180 × 60 × 60 ಸೆಂ.ಮೀ. ಟ್ಯಾಂಕ್ ಹಿಡಿಯೋಣ. ನಮ್ಮಲ್ಲಿ "ಸಿಕ್ಸ್ ಬೈ ಟೂ ಬೈ ಟೂ" ಎಂದು ಕರೆಯುವ ಅಳತೆ ಇದು. ಕೆಳಗೆ 120 × 45 × 45 ಸೆಂ.ಮೀ. ಸಂಪ್. ಗಾಜು, ನೀರು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿ ಒಂದು ಟನ್ನಿನ ಹತ್ತಿರ ಬರುತ್ತದೆ. ಮೇಲಿನ ಮಹಡಿಯಾದರೆ ತೊಲೆ ಎಲ್ಲಿ ಹಾದಿದೆ ಎಂದು ಎಂಜಿನಿಯರ್ ಒಬ್ಬರಿಂದ ನೋಡಿಸಿಯೇ ಜಾಗ ಗೊತ್ತುಮಾಡಿ.

1. ನೀರೆಷ್ಟು, ಆಹಾರವೆಷ್ಟು

ಹೊರ ಅಳತೆಯ ಲೆಕ್ಕದಲ್ಲಿ ಇದು 648 ಲೀಟರ್. ಗಾಜಿನ ದಪ್ಪ, ಮೇಲೆ ಬಿಡುವ 4 ಸೆಂ.ಮೀ., ಕಲ್ಲು, ಮರಳು ಕಳೆದರೆ ಮೇಲಿನ ಟ್ಯಾಂಕಿನಲ್ಲಿ ಉಳಿಯುವುದು ಸುಮಾರು 525 ಲೀಟರ್. ಸಂಪಿನದ್ದು ಸೇರಿಸಿದರೆ 640ರ ಆಸುಪಾಸು. ಔಷಧ, ಉಪ್ಪು, ಫಿಲ್ಟರ್ ಎಲ್ಲಕ್ಕೂ ಈ 640 ಅನ್ನೇ ಹಿಡಿಯಿರಿ.

ಇನ್ನು ಆಹಾರ. ಫಿಲ್ಟರಿನ ಕೆಲಸ ಎಷ್ಟೆಂದು ನಿರ್ಧರಿಸುವುದು ಟ್ಯಾಂಕಿನ ಗಾತ್ರಕ್ಕಿಂತ ಹೆಚ್ಚಾಗಿ ದಿನಕ್ಕೆ ಹಾಕುವ ತಿಂಡಿ. ಶೇ. 45 ಪ್ರೋಟೀನ್ ಇರುವ 5 ಗ್ರಾಂ ಒಣ ಪೆಲೆಟ್ ಹಾಕಿದಿರಿ ಎನ್ನಿ. ಅದರಲ್ಲಿ 2.25 ಗ್ರಾಂ ಪ್ರೋಟೀನ್, ಅದರ ಶೇ. 16ರಂತೆ 0.36 ಗ್ರಾಂ ಸಾರಜನಕ. ಅಷ್ಟೂ ನೈಟ್ರೇಟ್ ಆದರೆ 1.6 ಗ್ರಾಂ. 640 ಲೀಟರಿಗೆ ಹಂಚಿದರೆ ದಿನಕ್ಕೆ ಲೀಟರಿಗೆ 2.5 ಮಿ.ಗ್ರಾಂ., ವಾರಕ್ಕೆ 17. ವಾರಕ್ಕೆ ಶೇ. 10 ನೀರು ಬದಲಿಸುವುದೊಂದನ್ನೇ ನಂಬಿದರೆ ನೈಟ್ರೇಟ್ ಏರುತ್ತ ಏರುತ್ತ 170ರ ಬಳಿ ಹೋಗಿ ನಿಲ್ಲುತ್ತದೆ. ಹವಳದ ಟ್ಯಾಂಕಿಗೆ ಬೇಕಾದದ್ದು 5ರಿಂದ 10. ನಿಜದಲ್ಲಿ ಒಂದಷ್ಟು ಮೀನಿನ ಮೈಗೆ ಸೇರುತ್ತದೆ, ಒಂದಷ್ಟನ್ನು ಪಾಚಿ ತಿನ್ನುತ್ತದೆ. ಆದರೂ ನೀರು ಬದಲಿಸುವುದರಿಂದಲೇ ಎಲ್ಲ ಸರಿಯಾಗುತ್ತದೆ ಎನ್ನುವವರಿಗೆ ಈ ಲೆಕ್ಕ ತೋರಿಸಿ. ಫ್ರೋಜನ್ ಆಹಾರದಲ್ಲಿ ಬಹುಪಾಲು ನೀರೇ ಇರುವುದರಿಂದ ಅದನ್ನು ಒಣತೂಕಕ್ಕೆ ಇಳಿಸಿ ಲೆಕ್ಕ ಹಾಕಬೇಕು.

2. ಬಂಡೆಯೇ ಮುಖ್ಯ ಫಿಲ್ಟರ್

ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲಿನ ಮೇಲ್ಮೈಯಲ್ಲಿ ನೆಲೆಸುತ್ತವೆ. ಆಮ್ಲಜನಕ ತಲುಪದ ಒಳರಂಧ್ರಗಳಲ್ಲಿ ಬೇರೆ ಬ್ಯಾಕ್ಟೀರಿಯಾ ಅದೇ ನೈಟ್ರೇಟನ್ನು ಸಾರಜನಕದ ಅನಿಲವಾಗಿಸಿ ಹೊರಗೆ ಬಿಡುತ್ತವೆ. ಆದ್ದರಿಂದ ಹಗುರ, ರಂಧ್ರಗಳಿರುವ ಕಲ್ಲು ಬೇಕು. ಈ ಅಳತೆಗೆ 45ರಿಂದ 55 ಕಿಲೋ ಸಾಕು.

ಭಾರತದಲ್ಲಿ ಇರುವವರು ಒಣ ಕಲ್ಲು ಅಥವಾ ಸೆರಾಮಿಕ್ ಕಲ್ಲು ಮಾತ್ರ ಕೊಳ್ಳಿ. ಬಂಡೆ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿಯದ್ದಾಗಲಿ ಮನ್ನಾರ್ ಕೊಲ್ಲಿಯದ್ದಾಗಲಿ, ಸಮುದ್ರದಿಂದ ಎತ್ತಿದ ಹವಳದ ಕಲ್ಲು ಅಪರಾಧದ ಸರಕು, ಎಷ್ಟೇ ಅಗ್ಗಕ್ಕೆ ಕೊಟ್ಟರೂ. ಸಿಂಗಪುರ, ದುಬೈ, ಅಮೆರಿಕದಲ್ಲಿ ಇರುವವರು ಸಾಕಿ ಬೆಳೆಸಿದ ಹವಳವನ್ನು ಅಲ್ಲಿನ ನಿಯಮದಂತೆ ಕಾಗದಪತ್ರದೊಂದಿಗೆ ಕೊಳ್ಳಬಹುದು. ಟ್ಯಾಂಕಿನ ಕೊಳಾಯಿ ಕೆಲಸ ಮಾತ್ರ ಎಲ್ಲಿದ್ದರೂ ಒಂದೇ.

ಕಲ್ಲನ್ನು ಮರಳಿನ ಮೇಲಲ್ಲ, ತಳದ ಗಾಜಿನ ಮೇಲೆ ಪ್ಲಾಸ್ಟಿಕ್ ಜಾಲರಿ ಹಾಸಿ ಇಡಿ. ಮರಳನ್ನು ಆಮೇಲೆ ಸುತ್ತ ಸುರಿಯಿರಿ. ಹಿಂಬದಿಯ ಗಾಜಿಗೆ 10–15 ಸೆಂ.ಮೀ. ಅಂತರ ಬಿಡಿ. ಗೋಡೆ ಕಟ್ಟಿದಂತೆ ಒತ್ತಿ ಪೇರಿಸಿದರೆ ಹಿಂದೆ ಗೊಚ್ಚೆ ಕೂರುತ್ತದೆ, ಅದನ್ನು ಯಾವ ಸ್ಕಿಮ್ಮರೂ ಎಳೆದು ತರಲಾರದು. ಮರಳು 2–3 ಸೆಂ.ಮೀ. ಇರಲಿ, ಇಲ್ಲವೇ 10ಕ್ಕಿಂತ ಹೆಚ್ಚು ಇರಲಿ. ನಡುವಿನ ಅಳತೆ ಕೊಳೆ ಹಿಡಿಯುತ್ತದೆಯೇ ಹೊರತು ನೈಟ್ರೇಟ್ ಕಳೆಯುವಷ್ಟು ಆಳವಾಗಿರುವುದಿಲ್ಲ.

3. ನೀರು ಇಳಿಯುವ ದಾರಿ

ಮನೆ ನೆನೆಯುವ ಅಪಘಾತಗಳು ಹುಟ್ಟುವುದು ಇಲ್ಲೇ. ಒಂದೇ ಪೈಪಿನ ಓವರ್‌ಫ್ಲೋ ದೊಡ್ಡ ಟ್ಯಾಂಕಿಗೆ ಬೇಡವೇ ಬೇಡ. ಒಂದು ಬಸವನಹುಳು ಅಥವಾ ಒಂದು ಹಿಡಿ ಪಾಚಿ ಅದನ್ನು ಮುಚ್ಚಿದರೆ ಮುಗಿಯಿತು.

ಮೂರು ಪೈಪಿನ, ಬೀನ್‌ಅನಿಮಲ್ ಎಂದು ಹೆಸರಾದ ವಿನ್ಯಾಸವನ್ನೇ ಮಾಡಿಸಿ. ಹಿಂಬದಿಯ ಗಾಜಿನಲ್ಲಿ ಓವರ್‌ಫ್ಲೋ ಬಾಕ್ಸ್ (ಅಂಚು ದಾಟಿದ ನೀರು ಬೀಳುವ ಪೆಟ್ಟಿಗೆ), ಅದಕ್ಕೆ ಮೂರು ಒಂದೂವರೆ ಇಂಚಿನ ಯುಪಿವಿಸಿ ಪೈಪು. ಮೊದಲನೆಯದು ಪೂರ್ತಿ ಸೈಫನ್. ಗಾಳಿಯಿಲ್ಲದೆ ತುಂಬಿ ಹರಿಯುವುದರಿಂದ ಸದ್ದಿಲ್ಲ. ಇದಕ್ಕೆ ಗೇಟ್ ವಾಲ್ವ್ ಬೇಕು. ಬಾಲ್ ವಾಲ್ವಿನಲ್ಲಿ ಕೂದಲೆಳೆಯಷ್ಟು ತಿರುಗಿಸಿದರೂ ಹರಿವು ಬಹಳ ಬದಲಾಗುವುದರಿಂದ ಹದ ಸಿಗುವುದಿಲ್ಲ. ಎರಡನೆಯದು ಸೈಫನ್ನಿಗಿಂತ ಸ್ವಲ್ಪ ಎತ್ತರದಲ್ಲಿ, ತೆಳುವಾಗಿ ನೀರು ಜಾರುವ ತೆರೆದ ಪೈಪು. ಅದರ ನೆತ್ತಿಯಿಂದ ಒಂದು ಸಣ್ಣ ಗಾಳಿ ನಳಿಕೆ ಹೊರಟು ಬಾಕ್ಸಿನ ಅಂಚಿನ ಬಳಿ ಬಾಯಿ ತೆರೆದಿರುತ್ತದೆ. ಸೈಫನ್ ಕಟ್ಟಿಕೊಂಡರೆ ಬಾಕ್ಸಿನ ನೀರು ಏರಿ ಆ ನಳಿಕೆಯ ಬಾಯಿ ಮುಚ್ಚುತ್ತದೆ, ಗಾಳಿ ನಿಂತು ಎರಡನೆಯದೂ ಸೈಫನ್ ಆಗುತ್ತದೆ. ಮೂರನೆಯದು ಸದಾ ಒಣಗಿರುವ ತುರ್ತು ಪೈಪು. ಅದರ ಕೆಳತುದಿಯನ್ನು ಸಂಪಿನ ನೀರಿನ ಮಟ್ಟಕ್ಕಿಂತ ಮೇಲೆ ನಿಲ್ಲಿಸಿ. ನೀರು ಬಂದರೆ ಜೋರಾಗಿ ಸದ್ದಾಗಬೇಕು, ಅದೇ ಎಚ್ಚರಿಕೆ ಗಂಟೆ. ಸೈಫನ್ ಪೈಪಿನ ತುದಿ ಮಾತ್ರ ನೀರಿನೊಳಗೆ 2–3 ಸೆಂ.ಮೀ. ಅಷ್ಟೇ ಮುಳುಗಿರಲಿ. ಆಳಕ್ಕೆ ಇಳಿಸಿದರೆ ಒಳಗಿನ ಗಾಳಿ ಹೊರಹೋಗದೆ ಕರೆಂಟು ಬಂದಾಗ ಸೈಫನ್ ಹಿಡಿಯುವುದೇ ಇಲ್ಲ.

ಪ್ಲಂಬರ್ ತರುವ ಹಿತ್ತಾಳೆ ವಾಲ್ವನ್ನು ಬಾಗಿಲಲ್ಲೇ ತಡೆಯಿರಿ. ಉಪ್ಪುನೀರು ತಾಮ್ರವನ್ನು ಕರಗಿಸುತ್ತದೆ, ತಾಮ್ರ ಸೀಗಡಿ, ಬಸವನಹುಳು, ಹವಳಗಳನ್ನು ಕೊಲ್ಲುತ್ತದೆ. ಗಾಜಿನ ತೂತಿಗೆ ಪೈಪು ಕೂರಿಸುವ ಬಲ್ಕ್‌ಹೆಡ್ ಕೊಳ್ಳುವಾಗ ಇಂಚಿನದೋ ಮಿಲಿಮೀಟರಿನದೋ ನೋಡಿ. ಹೊರದೇಶದ ಮೆಟ್ರಿಕ್ ಬಲ್ಕ್‌ಹೆಡ್ಡಿಗೆ ಇಲ್ಲಿನ ಇಂಚಿನ ಪೈಪನ್ನು ಅಂಟು ಹೆಚ್ಚು ಬಳಿದು ಕೂರಿಸುವವರಿದ್ದಾರೆ. ಅದು ಕೆಲವು ತಿಂಗಳು ನಿಲ್ಲುತ್ತದೆ.

4. ಸಂಪ್: ಎರಡು ಲೆಕ್ಕ

ಸಂಪಿನಲ್ಲಿ ಮೂರು ಕೋಣೆ ಸಾಕು: ನೀರು ಬೀಳುವ, ಸ್ಕಿಮ್ಮರ್ ನಿಲ್ಲುವ ದೊಡ್ಡ ಕೋಣೆ, ಪಾಚಿ ಬೆಳೆಸುವ ಕೋಣೆ (ರೆಫ್ಯೂಜಿಯಂ), ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ರಿಟರ್ನ್ ಪಂಪಿನ ಕೋಣೆ. ಪಂಪಿನ ಕೋಣೆಗೆ ಮೊದಲು ಗುಳ್ಳೆ ತಡೆಯಲು ಮೂರು ಗಾಜಿನ ಅಡ್ಡಗೋಡೆ, ನಡುವೆ 3 ಸೆಂ.ಮೀ. ಅಂತರ. ನೀರಿನ ಮಟ್ಟ 22 ಸೆಂ.ಮೀ.

ಮೊದಲ ಲೆಕ್ಕ, ಕರೆಂಟು ಹೋದಾಗಿನದು. ಈ ಟ್ಯಾಂಕಿನ ಒಳಮೇಲ್ಮೈ ಹೆಚ್ಚುಕಡಿಮೆ 10,000 ಚದರ ಸೆಂ.ಮೀ., ಅಂದರೆ ನೀರು 1 ಸೆಂ.ಮೀ. ಇಳಿದರೆ 10 ಲೀಟರ್ ಕೆಳಗೆ ಬಂತು. ಪಂಪ್ ನಿಂತಾಗ 2.5 ಸೆಂ.ಮೀ. ಇಳಿಯುತ್ತದೆ ಎಂದರೆ 25 ಲೀಟರ್. ಓವರ್‌ಫ್ಲೋ ಬಾಕ್ಸು, ಪೈಪುಗಳದ್ದು ಸೇರಿ 45–50. ಸಂಪಿನಲ್ಲಿ 22 ಸೆಂ.ಮೀ. ಮೇಲೆ ನೂರು ಲೀಟರಿಗಿಂತ ಹೆಚ್ಚು ಜಾಗ ಉಳಿದಿದೆ, ತೊಂದರೆಯಿಲ್ಲ. ಆದರೆ ರಿಟರ್ನ್ ನಾಜಲ್ (ಪಂಪಿನ ನೀರು ಟ್ಯಾಂಕಿಗೆ ಬೀಳುವ ಬಾಯಿ) 15 ಸೆಂ.ಮೀ. ಆಳದಲ್ಲಿದ್ದರೆ ಅದೇ ಸೈಫನ್ ಆಗಿ 150 ಲೀಟರ್ ಎಳೆದು ಹಾಕುತ್ತದೆ. ನಾಜಲ್ ನೀರಿನ ಮೇಲ್ಮೈಗೆ ತಾಗಿದಂತಿರಲಿ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವನ್ನು ನಂಬಬೇಡಿ. ಒಂದು ಮರಳಿನ ಕಣವೋ ಸುಣ್ಣದ ಪೊರೆಯೋ ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ.

ಎರಡನೆಯ ಲೆಕ್ಕವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಇಳಿಯುವ ಪೈಪು ಪೂರ್ತಿ ಕಟ್ಟಿತು, ಪಂಪ್ ಮಾತ್ರ ಓಡುತ್ತಿದೆ. ಆಗ ಪಂಪ್ ಕೋಣೆಯ ನೀರೆಲ್ಲ ಮೇಲೆ ಹೋಗುತ್ತದೆ. ಮೇಲೆ ಖಾಲಿ ಇರುವುದು 4 ಸೆಂ.ಮೀ., 40 ಲೀಟರ್. ಆದ್ದರಿಂದ ಪಂಪ್ ಕೋಣೆ 30 ಸೆಂ.ಮೀ. ಅಗಲಕ್ಕಿಂತ ದೊಡ್ಡದಾಗಬಾರದು. 30 × 43 × 22 ಎಂದರೆ 28 ಲೀಟರ್, ಟ್ಯಾಂಕ್ ತಡೆದುಕೊಳ್ಳುತ್ತದೆ. ಇದರಲ್ಲೊಂದು ಒಳಗಂಟಿದೆ: ಕೋಣೆಯ ಮಟ್ಟ ಇಳಿದದ್ದನ್ನು ನೋಡಿ ಆಟೋ ಟಾಪ್-ಆಫ್ (ಆವಿಯಾದಷ್ಟು ನೀರನ್ನು ತಾನಾಗಿ ತುಂಬುವ ಯಂತ್ರ) ಸಿಹಿನೀರು ಸುರಿಯತೊಡಗುತ್ತದೆ. 28ರ ಜೊತೆ ಅದೂ 40ರೊಳಗೆ ಹಿಡಿಯಬೇಕಾದ್ದರಿಂದ ಟಾಪ್-ಆಫ್ ಡ್ರಮ್ 10 ಲೀಟರಿಗೆ ಮೀರದಿರಲಿ. ಸೆನ್ಸರ್ ಕೆಟ್ಟು ಅಷ್ಟೂ ಸುರಿದರೂ ಲವಣಾಂಶ ಸಾವಿರಕ್ಕೆ 35ರಿಂದ 34.5ಕ್ಕೆ ಇಳಿಯುತ್ತದೆ, ಯಾರೂ ಸಾಯುವುದಿಲ್ಲ. 200 ಲೀಟರ್ ಡ್ರಮ್ಮಿಟ್ಟರೆ ಅದು 27ರ ಕೆಳಗೆ ಹೋಗುತ್ತದೆ, ಜೊತೆಗೆ ಹಾಲ್ ತುಂಬ ನೀರು. ಆರ್‌ಒ ಲೈನನ್ನು ನೇರವಾಗಿ ಸಂಪಿಗೆ ಎಂದೂ ಜೋಡಿಸಬೇಡಿ.

5. ರಿಟರ್ನ್ ಪಂಪ್

ಗಂಟೆಗೆ ಒಟ್ಟು ನೀರಿನ 4–5 ಪಟ್ಟು, ಅಂದರೆ 2,500–3,000 ಲೀಟರ್ ನಿಜವಾಗಿ ಮೇಲೆ ತಲುಪಿದರೆ ಸಾಕು. ಡಬ್ಬಿಯ ಮೇಲಿನ ಅಂಕಿ ಎತ್ತರವಿಲ್ಲದೆ ಅಳೆದದ್ದು. 1.4 ಮೀಟರ್ ಎತ್ತರ, ಎರಡು ಎಲ್ಬೋ ದಾಟಿದ ಮೇಲೆ ಅದು ಅರ್ಧಕ್ಕೆ ಬರಬಹುದು. ತಯಾರಕರು ಕೊಡುವ ರೇಖಾಚಿತ್ರದಲ್ಲಿ ನಿಮ್ಮ ಎತ್ತರಕ್ಕೆ ಎಷ್ಟಿದೆ ನೋಡಿ ಕೊಳ್ಳಿ. ವೇಗ ತಗ್ಗಿಸಬಹುದಾದ ಡಿಸಿ ಪಂಪ್ ಒಳ್ಳೆಯದು. ಹವಳಕ್ಕೆ ಬೇಕಾದ ಅಲೆಯನ್ನು ರಿಟರ್ನ್ ಪಂಪಿನಿಂದ ಪಡೆಯಲು ಹೋಗಬೇಡಿ. ಅದಕ್ಕೆ ಗಂಟೆಗೆ ಸುಮಾರು 10,000 ಲೀಟರಿನ ಎರಡು ವೇವ್‌ಮೇಕರ್ ಟ್ಯಾಂಕಿನೊಳಗೇ ಇರಲಿ.

6. ಸ್ಕಿಮ್ಮರ್

ಬೇಳೆ ಕುದಿಯುವಾಗ ಮೇಲೆ ಕಟ್ಟುವ ನೊರೆಯಂತೆ, ನೀರಿಗೆ ಒಗ್ಗದ ಪ್ರೋಟೀನು, ಕೊಬ್ಬು ಗಾಳಿಗುಳ್ಳೆಗೆ ಅಂಟಿ ಮೇಲೇರಿ ಬಟ್ಟಲಿಗೆ ಬೀಳುತ್ತವೆ. ಕೊಳೆತು ಅಮೋನಿಯಾ ಆಗುವ ಮೊದಲೇ ತೆಗೆಯುವುದು ಇದರ ಗುಣ. ನೀರಿಗೆ ಗಾಳಿ ಕೊಡುವುದೂ ಅಷ್ಟೇ ದೊಡ್ಡ ಕೆಲಸ. ಆದರೆ ಕರಗಿದ ಸಾವಯವ ವಸ್ತುವಿನಲ್ಲಿ ಇದು ತೆಗೆಯುವುದು ಹೆಚ್ಚೆಂದರೆ ಮೂರನೇ ಒಂದು ಪಾಲು. ಉಳಿದದ್ದು ಗುಳ್ಳೆಗೆ ಅಂಟುವ ಜಾತಿಯದ್ದಲ್ಲ. ಅದಕ್ಕೇ ದುಬಾರಿ ಸ್ಕಿಮ್ಮರೊಂದರಿಂದ ಎಲ್ಲ ಬಗೆಹರಿಯದು.

ಡಬ್ಬಿಯ ಮೇಲೆ "1,500 ಲೀಟರ್ ತನಕ" ಎಂದಿದ್ದರೆ ಅದು ಕಡಿಮೆ ಮೀನಿನ ಲೆಕ್ಕ. ಹೆಚ್ಚು ಮೀನಿನ ಟ್ಯಾಂಕಿಗೆ ಎಂದು ಕೊಟ್ಟ ಅಂಕಿ 600–800ರ ನಡುವೆ ಇರುವ ಮಾದರಿ ಆರಿಸಿ. ತೀರಾ ದೊಡ್ಡದು ತಂದರೆ ನೊರೆ ಕತ್ತಿನವರೆಗೆ ಏರುವಷ್ಟು ಕೊಳೆಯೇ ಇರುವುದಿಲ್ಲ. ನಿಂತ ನೀರಿನ ಆಳ ಒಂದೊಂದು ಮಾದರಿಗೆ ಒಂದೊಂದು, ಸಾಮಾನ್ಯವಾಗಿ 18–23 ಸೆಂ.ಮೀ. ಅಡ್ಡಗೋಡೆ 22ಕ್ಕೆ ಮಾಡಿಸಿದ್ದರೆ ಸ್ಕಿಮ್ಮರಿನ ಕೆಳಗೆ ಅಕ್ರಿಲಿಕ್ ಪಟ್ಟಿ ಇಟ್ಟು ಹೊಂದಿಸಿಕೊಳ್ಳಬಹುದು. ಆ ಮಟ್ಟ ದಿನವಿಡೀ ಏರಿಳಿದರೆ ನೊರೆಯೂ ಏರಿಳಿಯುತ್ತದೆ.

ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಎಸಿ ಪಂಪಿನ ಸ್ಕಿಮ್ಮರ್ ತರಿಸಬೇಡಿ. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 110 ಮಾಡುತ್ತದೆ, ಆದರೆ 50 ಹರ್ಟ್ಸನ್ನು 60 ಮಾಡುವುದಿಲ್ಲ. ಮೋಟಾರ್ ಆರರಲ್ಲೊಂದು ಪಾಲು ನಿಧಾನವಾಗಿ ತಿರುಗುತ್ತದೆ, ಗಾಳಿ ಎಳೆಯುವುದು ಅದಕ್ಕಿಂತಲೂ ಹೆಚ್ಚು ಕುಸಿಯುತ್ತದೆ. 100–240 ವೋಲ್ಟಿನ ಅಡಾಪ್ಟರ್ ಇರುವ ಡಿಸಿ ಪಂಪಾದರೆ ಅಡ್ಡಿಯಿಲ್ಲ.

ಹೊಸ ಸ್ಕಿಮ್ಮರ್ ಒಂದೆರಡು ವಾರ ಹುಚ್ಚಾಗಿ ನಡೆದುಕೊಳ್ಳುತ್ತದೆ. ಕಲ್ಲು ಅಂಟಿಸುವ ಎಪಾಕ್ಸಿ, ನೀರಿನ ಕಂಡಿಷನರ್, ಕೆಲವು ಔಷಧಗಳೂ ಅದನ್ನು ಉಕ್ಕಿಸುತ್ತವೆ. ಆ ದಿನ ಬಟ್ಟಲು ತೆಗೆದಿಡಿ. ಕತ್ತಿನ ಒಳಗೋಡೆಯನ್ನು ಎರಡು ಮೂರು ದಿನಕ್ಕೊಮ್ಮೆ ಒರೆಸಿ. ಅಲ್ಲಿನ ಜಿಡ್ಡೇ ನೊರೆಯನ್ನು ಒಡೆಯುತ್ತದೆ. ಎಸಿ ಹಾಕಿ ಮುಚ್ಚಿದ ಕೋಣೆಯಲ್ಲಿ ಪಿಎಚ್ 7.8ರ ಬಳಿ ನಿಂತುಬಿಟ್ಟಿದ್ದರೆ ಕಾರಣ ಜನ ಬಿಡುವ ಇಂಗಾಲದ ಡೈಆಕ್ಸೈಡ್. ಸ್ಕಿಮ್ಮರಿನ ಗಾಳಿ ಕೊಳವೆಯನ್ನು ಕಿಟಕಿಯಾಚೆ ಹಾಕಿ ನೋಡಿ, ಬಫರ್ ಪುಡಿಗೆ ಕೈ ಹಾಕುವುದು ಆಮೇಲೆ.

7. ಉಳಿದ ಫಿಲ್ಟರುಗಳು

200 ಮೈಕ್ರಾನಿನ ಫಿಲ್ಟರ್ ಸಾಕ್ (ನೀರು ಬೀಳುವಲ್ಲಿ ಕಟ್ಟುವ ಬಟ್ಟೆಯ ಚೀಲ) ಅಗ್ಗ, ಕೆಲಸವೂ ಚೆನ್ನಾಗಿ ಮಾಡುತ್ತದೆ, ಎರಡು ಮೂರು ದಿನಕ್ಕೊಮ್ಮೆ ಬದಲಿಸುವವರಿಗೆ ಮಾತ್ರ. ವಾರಗಟ್ಟಲೆ ಬಿಟ್ಟರೆ ಹಿಡಿದದ್ದೆಲ್ಲ ಅಲ್ಲೇ ಕೊಳೆತು ನೈಟ್ರೇಟ್ ಆಗುತ್ತದೆ. ತಿಂಗಳಲ್ಲಿ ಹೆಚ್ಚು ದಿನ ಊರಲ್ಲಿ ಇರದವರು ರೋಲರ್ ಮ್ಯಾಟಿಗೆ (ಕೊಳೆಯಾದ ಬಟ್ಟೆಯನ್ನು ತಾನೇ ಸುತ್ತಿ ಹೊಸದನ್ನು ಮುಂದೆ ತರುವ ಯಂತ್ರ) ಖರ್ಚು ಮಾಡಿ, ಇಲ್ಲವೇ ಸಾಕನ್ನೇ ಬಿಟ್ಟುಬಿಡಿ.

ರೆಫ್ಯೂಜಿಯಂನಲ್ಲಿ ಕೀಟೋಮಾರ್ಫಾ ಪಾಚಿ ಬೆಳೆಸಿ, ಟ್ಯಾಂಕಿನ ದೀಪ ಆರಿದ ಮೇಲೆ ಅದರ ದೀಪ ಉರಿಸಿ. ರಾತ್ರಿ ಪಿಎಚ್ ಕುಸಿಯುವುದು ತಗ್ಗುತ್ತದೆ. ಪಾಚಿಯನ್ನು ಕಿತ್ತು ಹೊರಗೆ ಎಸೆದಾಗಲೇ ನೈಟ್ರೇಟ್ ಹೊರಹೋದಂತೆ, ತುಂಬಿಕೊಂಡು ಕೂತಿದ್ದರೆ ಅಲ್ಲ. ಬಿಳಿಚಿ ಕರಗತೊಡಗಿದರೆ ಒಂದೋ ನೈಟ್ರೇಟ್ ಸೊನ್ನೆಯಾಗಿದೆ, ಇಲ್ಲವೇ ಕಬ್ಬಿಣದಂಶ ಮುಗಿದಿದೆ.

ಫಾಸ್ಫೇಟ್ ಹೀರುವ ಜಿಎಫ್‌ಒ ಪುಡಿಯನ್ನು ರಿಯಾಕ್ಟರಿನಲ್ಲಿ (ಪುಡಿಯ ಮೂಲಕ ನೀರು ಹಾಯಿಸುವ ಕೊಳವೆ) 100 ಗ್ರಾಂನಿಂದ ಶುರು ಮಾಡಿ. ತಯಾರಕರು ಹೇಳಿದಷ್ಟೂ ಒಮ್ಮೆಲೇ ಹಾಕಿದರೆ ಫಾಸ್ಫೇಟ್ ಎರಡೇ ದಿನಕ್ಕೆ ಕುಸಿದು ಕವಲು ಹವಳದ ತುದಿಗಳು ಸುಟ್ಟಂತಾಗುತ್ತವೆ. ನೀರಿನ ಹಳದಿ, ವಾಸನೆಗೆ 200 ಗ್ರಾಂ ಕಾರ್ಬನ್ ಇಟ್ಟು ತಿಂಗಳಿಗೊಮ್ಮೆ ಬದಲಿಸಿ.

ಕ್ಯಾನಿಸ್ಟರ್ ಫಿಲ್ಟರ್ ಸಿಹಿನೀರಿನ ಗಿಡದ ಟ್ಯಾಂಕಿಗೆ ಒಳ್ಳೆಯದು. ಇಲ್ಲಿ ಅದು ಮುಚ್ಚಿದ ಕೊಳೆ ಡಬ್ಬಿ. ಗಂಟೆಗಟ್ಟಲೆ ಕರೆಂಟು ಹೋದರೆ ಒಳಗೆ ಆಮ್ಲಜನಕ ಮುಗಿದು, ಮತ್ತೆ ಶುರುವಾದಾಗ ಆ ನೀರೆಲ್ಲ ಟ್ಯಾಂಕಿಗೆ. ಯುವಿ ದೀಪ ಬೇಕೆನಿಸಿದಾಗ ಸೇರಿಸಲು ಪೈಪಿನಲ್ಲೊಂದು ಟೀ, ವಾಲ್ವ್ ಬಿಟ್ಟಿರಿ, ಮೊದಲ ದಿನಕ್ಕೆ ಬೇಡ.

8. ನೀರು, ವಿದ್ಯುತ್ತು, ಬಿಸಿ

ಅಡುಗೆಮನೆಯ ಆರ್‌ಒ ಸಾಲದು. ರುಚಿಗೆಂದು ಅದರಲ್ಲಿರುವ ಟಿಡಿಎಸ್ (ಕರಗಿದ ಲವಣದ ಪ್ರಮಾಣ) ಕಂಟ್ರೋಲರ್ ಶೋಧಿಸದ ನೀರನ್ನೇ ಸ್ವಲ್ಪ ಬೆರೆಸುತ್ತದೆ. ಬೇಕಾದದ್ದು ಸೆಡಿಮೆಂಟ್, ಕಾರ್ಬನ್, ಆರ್‌ಒ, ಕೊನೆಗೆ ಉಳಿದ ಲವಣವನ್ನು ಹಿಡಿಯುವ ಡಿಐ ರೆಸಿನ್; ಟಿಡಿಎಸ್ ಸೊನ್ನೆ. ಬೋರ್‌ವೆಲ್ ನೀರು 600 ಇದ್ದರೆ ಒಳ್ಳೆಯ ಮೆಂಬ್ರೇನ್ ಅದನ್ನು 15–30ಕ್ಕೆ ಇಳಿಸುತ್ತದೆ, ಉಳಿದದ್ದು ರೆಸಿನ್ನಿನ ಹೊರೆ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಮೆಂಬ್ರೇನ್ ದಾಟಿ ಬಂದು ರೆಸಿನ್ನನ್ನು ಬೇಗ ಮುಗಿಸುತ್ತದೆ. ಮೊದಲು ಡ್ರಮ್ಮಿನಲ್ಲಿ ಒಂದು ರಾತ್ರಿ ಏರ್‌ಸ್ಟೋನ್ ಹಾಕಿಟ್ಟು ಆಮೇಲೆ ಡಿಐಗೆ ಬಿಟ್ಟರೆ ರೆಸಿನ್ ಖರ್ಚು ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. ಮೊದಲ ಭರ್ತಿಗೆ ಲೀಟರಿಗೆ 38 ಗ್ರಾಂ ಲೆಕ್ಕದಲ್ಲಿ ಸುಮಾರು 24 ಕಿಲೋ ಉಪ್ಪು, ವಾರದ ಶೇ. 10ಕ್ಕೆ ಎರಡೂವರೆ ಕಿಲೋ.

26 ಡಿಗ್ರಿಯ ಸಮುದ್ರದ ನೀರು ಹಿಡಿಯುವ ಆಮ್ಲಜನಕ ಲೀಟರಿಗೆ 7 ಮಿ.ಗ್ರಾಂ. ಕೂಡ ಇಲ್ಲ. ಕರೆಂಟು ಹೋದಾಗ ಇನ್ವರ್ಟರಿಗೆ ಮೊದಲು ಕೂರಬೇಕಾದದ್ದು ಒಂದು ವೇವ್‌ಮೇಕರ್, ರಿಟರ್ನ್ ಪಂಪಲ್ಲ. ಇನ್ವರ್ಟರ್ ಸೈನ್ ವೇವ್ ಇರಲಿ, ಸ್ಕ್ವೇರ್ ವೇವಿನಲ್ಲಿ ಎಸಿ ಪಂಪುಗಳು ಗುಂಯ್‌ಗುಟ್ಟಿ ಬಿಸಿಯಾಗುತ್ತವೆ. ಎಲ್ಲಕ್ಕೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಕಡಿಯುವ ಸ್ವಿಚ್) ಕಡ್ಡಾಯ, ಆದರೆ ಎರಡು ಬೇರೆ ಬೇರೆ. ಒಂದು ಟ್ರಿಪ್ ಆದರೂ ಇನ್ನೊಂದರ ವೇವ್‌ಮೇಕರ್ ತಿರುಗುತ್ತಿರಬೇಕು.

ಬೆಂಗಳೂರು, ಮೈಸೂರಿನಲ್ಲಿ ಸಂಪಿನ ಮೇಲೆ ಫ್ಯಾನ್ ಇಟ್ಟರೆ ನೀರು ಆವಿಯಾಗಿ ಒಂದೆರಡು ಡಿಗ್ರಿ ಇಳಿಯುತ್ತದೆ. ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಿ ಅದು ನಡೆಯದು, ಚಿಲ್ಲರ್ ಬೇಕೇ ಬೇಕು. ಚಿಲ್ಲರನ್ನು ಕ್ಯಾಬಿನೆಟ್ಟಿನೊಳಗೆ ಮುಚ್ಚಿಟ್ಟರೆ ತಾನೇ ಬಿಟ್ಟ ಬಿಸಿಗಾಳಿಯನ್ನು ತಾನೇ ಎಳೆದುಕೊಂಡು ನಿಲ್ಲದೆ ಓಡುತ್ತದೆ.

9. ಪರೀಕ್ಷೆ, ಆರಂಭ

ಉಪ್ಪು ಹಾಕುವ ಮೊದಲು ಸಾದಾ ನೀರಿನಲ್ಲಿ 48 ಗಂಟೆ ಓಡಿಸಿ. ಪಂಪ್ ಆರಿಸಿ, ಹಾಕಿ. ಮೂರು ಬಾರಿಯೂ ಸೈಫನ್ ತಾನಾಗಿ ಹಿಡಿಯಬೇಕು. ಸೈಫನ್ನಿನ ಬಾಯಿಗೆ ಬಟ್ಟೆ ತುರುಕಿ, ಎರಡನೆಯ ಪೈಪು ಹೊರೆ ಹೊತ್ತುಕೊಳ್ಳುತ್ತದೆಯೇ ನೋಡಿ. ಎರಡನ್ನೂ ಮುಚ್ಚಿ ಮೂರನೆಯದನ್ನು ನೋಡಿ. ಮೂರನ್ನೂ ಮುಚ್ಚಿ ಪಂಪ್ ಕೋಣೆ ಬರಿದಾಗುವ ತನಕ ಕಾದು, ಟ್ಯಾಂಕ್ ಅಂಚಿನಲ್ಲಿ ಎಷ್ಟು ಉಳಿಯಿತು ಅಳೆಯಿರಿ. ಪಂಪ್ ಆರಿಸಿದಾಗ ಸಂಪಿನಲ್ಲಿ ನೀರು ಏರುವ ಗರಿಷ್ಠ ಮಟ್ಟಕ್ಕೆ ಟೇಪಿನಲ್ಲಿ ಗೆರೆ ಹಚ್ಚಿ.

ಆಮೇಲೆ ಆ ನೀರು ಖಾಲಿ ಮಾಡಿ, ಡಿಐ ನೀರು, ಉಪ್ಪು. ಬ್ಯಾಕ್ಟೀರಿಯಾ ಬೆಳೆಯಲು ಊಟವಾಗಿ 640 ಲೀಟರಿಗೆ 4 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯಾ ಲೀಟರಿಗೆ 2 ಮಿ.ಗ್ರಾಂ. ಬರುತ್ತದೆ. ಬಾಟಲಿ ಬ್ಯಾಕ್ಟೀರಿಯಾ ಸೇರಿಸಿ. ಒಣ ಕಲ್ಲಿಗೆ ನಾಲ್ಕರಿಂದ ಆರು ವಾರ ಬೇಕು. ಹಾಕಿದ ಅಷ್ಟೂ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಯಾದರೆ ಮೊದಲ ಒಂದೆರಡು ಮೀನು ಬಿಡಬಹುದು. ನೈಟ್ರೈಟ್ ಸ್ವಲ್ಪ ಉಳಿದಿದ್ದರೂ ಗಾಬರಿ ಬೇಡ. ಉಪ್ಪುನೀರಿನ ಕ್ಲೋರೈಡ್ ಅದು ಕಿವಿರಿನೊಳಗೆ ಹೋಗುವುದನ್ನು ತಡೆಯುತ್ತದೆ.

ಮೊದಲ ಮೂರು ತಿಂಗಳು ಸಾಕ್, ಸ್ಕಿಮ್ಮರ್ ಎರಡೇ ಓಡಲಿ. ಪಾಚಿಯ ದೀಪ, ಜಿಎಫ್‌ಒ ಯಾವುದನ್ನೂ ನೈಟ್ರೇಟ್ 10, ಫಾಸ್ಫೇಟ್ 0.1 ದಾಟುವ ತನಕ ಶುರು ಮಾಡಬೇಡಿ. ಹೊಸ ಟ್ಯಾಂಕಿಗೆ ಎಲ್ಲ ಯಂತ್ರ ಒಟ್ಟಿಗೆ ಹಾಕಿದವರಿಗೆ ಎರಡೂ ಅಂಕಿ ಸೊನ್ನೆ ಕಾಣುತ್ತದೆ. ಸಂತೋಷಪಡುವಷ್ಟರಲ್ಲಿ ಮರಳಿನ ಮೇಲೆ ಕಂದು ಲೋಳೆ, ಅದರಲ್ಲಿ ಸಿಕ್ಕಿದ ಗುಳ್ಳೆ, ರಾತ್ರಿ ಮಾಯ, ಮಧ್ಯಾಹ್ನ ಮತ್ತೆ ಹಾಜರು. ಇದು ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ. ಎದುರಾಳಿ ಪಾಚಿಗೂ ಬ್ಯಾಕ್ಟೀರಿಯಾಕ್ಕೂ ಊಟವಿಲ್ಲದಾಗ ಇದು ಗೆಲ್ಲುತ್ತದೆ. ಆಗ ನೀರು ಬದಲಿಸುವುದನ್ನು ನಿಲ್ಲಿಸಿ, ಜಿಎಫ್‌ಒ ತೆಗೆದು, ಸೋಡಿಯಂ ನೈಟ್ರೇಟ್ ದ್ರಾವಣ ಹಾಕಿ ನೈಟ್ರೇಟನ್ನು 5–10ಕ್ಕೆ ಏರಿಸಿ, ಆಹಾರ ಹೆಚ್ಚಿಸಿ. ನೀರಿನಲ್ಲಿ ತೇಲುವ ಜಾತಿಯಾದರೆ ಮಾತ್ರ ಯುವಿ ಉಪಯೋಗಕ್ಕೆ ಬರುತ್ತದೆ. ಮರಳಿಗೇ ಅಂಟಿಕೊಂಡಿರುವ ಜಾತಿಗೆ ದೀಪ ತಲುಪುವುದಿಲ್ಲ. ಯಾವುದೆಂದು ತಿಳಿಯಲು ಒಂದು ಹನಿ ಲೋಳೆಯನ್ನು 400 ಪಟ್ಟು ಹಿಗ್ಗಿಸುವ ಶಾಲಾ ಮೈಕ್ರೋಸ್ಕೋಪಿನಲ್ಲಿ ನೋಡಿ, ಯುವಿಗೆ ದುಡ್ಡು ಕೊಡುವ ಮೊದಲು.